ಮನೆ ಸಾಲದ ಕಂತು ಎಲ್ಲಿಗೆ ಹೋಗುತ್ತದೆ?



ಮನೆ ಕಟ್ಟಲು ಸಾಲ ಪಡೆದವರು ತಿಂಗಳು ತಿಂಗಳೂ ಕಂತು ಕಟ್ಟುವುದನ್ನು ನೀವು ನೋಡಿದ್ದೀರಿ. ಆ ಮನೆಯೇ ಸಾಲಕ್ಕೆ ಅಡಮಾನ. ಸಾಲ ತೀರಲು ಇಪ್ಪತ್ತು, ಮೂವತ್ತು ವರ್ಷ ಬೇಕು. ಅಲ್ಲಿಯವರೆಗೆ ಬ್ಯಾಂಕಿನ ಹಣ ಸಿಕ್ಕಿಕೊಂಡಿದ್ದರೆ, ಮುಂದಿನವರಿಗೆ ಸಾಲ ಕೊಡುವುದು ಹೇಗೆ? ಅಮೆರಿಕ ಇದಕ್ಕೆ ಕಂಡುಕೊಂಡ ಉತ್ತರಕ್ಕೆ ಒಂದು ಚರಿತ್ರೆಯಿದೆ.

1930ರ ದಶಕದ ಮಹಾ ಆರ್ಥಿಕ ಮುಗ್ಗಟ್ಟಿಗೆ ಮುನ್ನ ಅಲ್ಲಿನ ಗೃಹಸಾಲಗಳು ಹೆಚ್ಚಾಗಿ ಅಲ್ಪಾವಧಿಯವು. ಅವಧಿ ಮುಗಿದಾಗ ಅಸಲನ್ನು ಒಟ್ಟಿಗೆ ತೀರಿಸಬೇಕು, ಇಲ್ಲವೇ ಸಾಲವನ್ನು ನವೀಕರಿಸಬೇಕು. ಬ್ಯಾಂಕುಗಳೇ ಮುಳುಗಿದಾಗ ನವೀಕರಣ ನಿಂತಿತು. ಅಸಂಖ್ಯ ಕುಟುಂಬಗಳು ಮನೆ ಕಳೆದುಕೊಂಡವು. 1934ರಲ್ಲಿ ಸರ್ಕಾರ ಗೃಹಸಾಲಕ್ಕೆ ವಿಮೆ ಕೊಡುವ ಸಂಸ್ಥೆಯನ್ನು ತೆರೆಯಿತು. ಅಂಥ ಸಾಲಗಳನ್ನು ಕೊಳ್ಳಲು 1938ರಲ್ಲಿ 'ಫ್ಯಾನಿ ಮೇ' ಹುಟ್ಟಿತು. 1968ರಲ್ಲಿ ಅದು ಎರಡಾಯಿತು. ಸರ್ಕಾರದಲ್ಲೇ ಉಳಿದ ಭಾಗಕ್ಕೆ 'ಜಿನ್ನಿ ಮೇ' ಎಂದು ಹೆಸರಾಯಿತು. 1970ರಲ್ಲಿ ಜಿನ್ನಿ ಮೇ ಖಾತರಿ ಹೊತ್ತ ಹೊಸ ಬಗೆಯ ಪತ್ರ ಮಾರುಕಟ್ಟೆಗೆ ಬಂತು.

ಅದು ನಡೆಯುವ ಬಗೆಯನ್ನು ಒಂದು ಲೆಕ್ಕದಿಂದ ನೋಡೋಣ. ತಲಾ 20,000 ಡಾಲರಿನ 1,000 ಸಾಲಗಳನ್ನು ಒಂದು ಗುಂಪು ಮಾಡಿ ಎಂದುಕೊಳ್ಳಿ. ಮೊತ್ತ 2 ಕೋಟಿ ಡಾಲರು. ಈ ಗುಂಪಿನ ಮೇಲೆ ಪತ್ರಗಳನ್ನು ಮಾಡಿ ಹೂಡಿಕೆದಾರರಿಗೆ ಮಾರಲಾಗುತ್ತದೆ. ಬ್ಯಾಂಕಿಗೆ ಹಣ ಕೂಡಲೇ ಮರಳುತ್ತದೆ. ಅದು ಮತ್ತೊಬ್ಬರಿಗೆ ಸಾಲ ಕೊಡುತ್ತದೆ. ಮನೆಯವರು ಕಟ್ಟಿದ ಕಂತಿನಿಂದ ವಸೂಲಿಯ ಮತ್ತು ಖಾತರಿಯ ಸಣ್ಣ ಶುಲ್ಕ ಕಳೆದು, ಉಳಿದದ್ದು ಪತ್ರವುಳ್ಳವರಿಗೆ ಪಾಲಿನಂತೆ ಸೇರುತ್ತದೆ. ಒಬ್ಬಿಬ್ಬರು ಕಂತು ತಪ್ಪಿಸಿದರೂ ಖಾತರಿ ಕಾಪಾಡುತ್ತದೆ. ಆದರೆ ಬಡ್ಡಿದರ ಇಳಿದಾಗ ಜನ ಹಳೆಯ ಸಾಲವನ್ನು ಬೇಗ ತೀರಿಸಿಬಿಡುತ್ತಾರೆ. ಆಗ ಹೂಡಿಕೆದಾರ ಮರಳಿ ಬಂದ ಹಣವನ್ನು ಕಡಿಮೆ ಬಡ್ಡಿಗೆ ತೊಡಗಿಸಬೇಕಾಗುತ್ತದೆ. ಈ ತೊಡಕನ್ನು ಹಂಚಲು 1983ರಲ್ಲಿ 'ಫ್ರೆಡ್ಡಿ ಮ್ಯಾಕ್' ಸಂಸ್ಥೆ, ಮೊದಲು ಹಣ ಪಡೆಯುವವರು, ನಂತರ ಪಡೆಯುವವರು ಎಂದು ಪತ್ರಗಳನ್ನು ವರ್ಗಗಳಾಗಿ ವಿಂಗಡಿಸಿತು.

ನಮ್ಮಲ್ಲೂ 1988ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವಸತಿ ಬ್ಯಾಂಕು 2000ದಲ್ಲಿ ಇಂಥ ಪತ್ರಗಳನ್ನು ಹೊರತಂದಿತು.

ಹಾಗಾದರೆ ಅನಾಹುತ ಎಲ್ಲಿಂದ ಬಂತು? 2000ದ ನಂತರ ಅಮೆರಿಕದ ಖಾಸಗಿ ಸಂಸ್ಥೆಗಳು, ತೀರಿಸುವ ಶಕ್ತಿಯಿಲ್ಲದವರಿಗೆ ಕೊಟ್ಟ ಸಾಲಗಳನ್ನೂ ಸರ್ಕಾರದ ಖಾತರಿಯಿಲ್ಲದೆ ಗುಂಪು ಮಾಡಿ ಮಾರಿದವು. ಸಾಲ ಮರುದಿನವೇ ಬೇರೆಯವರ ಪಾಲಾಗುವುದಾದರೆ, ಕೊಡುವವನು ವಿಚಾರಿಸುವುದೇಕೆ? ಮೌಲ್ಯಮಾಪನ ಸಂಸ್ಥೆಗಳು ಅಂಥ ಎಷ್ಟೋ ಪತ್ರಗಳಿಗೆ ಅತ್ಯುತ್ತಮ ದರ್ಜೆ ಕೊಟ್ಟವು. ಮನೆಗಳ ಬೆಲೆ ಇಳಿದಾಗ ಕಂತುಗಳು ನಿಂತವು. 2008ರ ಸೆಪ್ಟೆಂಬರ್ 7ರಂದು ಫ್ಯಾನಿ, ಫ್ರೆಡ್ಡಿ ಎರಡನ್ನೂ ಸರ್ಕಾರ ತನ್ನ ಹತೋಟಿಗೆ ತೆಗೆದುಕೊಂಡಿತು. 15ರಂದು 158 ವರ್ಷಗಳ ಲೆಹ್ಮನ್ ಬ್ರದರ್ಸ್ ದಿವಾಳಿಯಾಯಿತು. ಖಾತರಿಯಿದ್ದ ಜಿನ್ನಿ ಮೇ ಪತ್ರದವರಿಗೆ ಮಾತ್ರ ಆಗಲೂ ಹಣ ತಪ್ಪಲಿಲ್ಲ.

ಪತ್ರ ಎಷ್ಟು ಕೈ ದಾಟಿದರೂ ಅದರ ಬೆಲೆ ನಿಂತಿರುವುದು, ದೂರದ ಊರಿನಲ್ಲಿ ಕಂತು ಕಟ್ಟುವ ಒಂದು ಕುಟುಂಬದ ದುಡಿಮೆಯ ಮೇಲೆ. ಇದನ್ನು ಮರೆತದ್ದೇ 2008ರ ಪಾಠ. ನಾಳೆ ನೀವು ಹಣ ತೊಡಗಿಸುವಾಗಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರ ಹಿಂದೆ ಸಾಲ ತೀರಿಸುವವರು ಯಾರು?