ನೀಲನಕ್ಷೆಯ ಹಿಂದೆ ಉಳಿದ ಎರಡಕ್ಷರ

ಜಿಲ್ಲೆಯ ಸುದ್ದಿ ಬರೆಯುವ ನಮಗೆ 'ನೀಲನಕ್ಷೆ' ಎಂಬ ಪದವಿಲ್ಲದೆ ವಾರ ಕಳೆಯುವುದಿಲ್ಲ. ಕೆರೆ ತುಂಬಿಸುವ ಯೋಜನೆಗೆ ನೀಲನಕ್ಷೆ, ಬಸ್ ನಿಲ್ದಾಣಕ್ಕೆ ನೀಲನಕ್ಷೆ. ಮೇಷ್ಟ್ರುಗಳಿಗಂತೂ ಪ್ರಶ್ನೆಪತ್ರಿಕೆಗೂ ನೀಲನಕ್ಷೆ ಬೇಕು. ಆದರೆ ಅದು ನೀಲಿಯೇ ಏಕೆ ಎಂದು ನಾವು ಯಾವತ್ತೂ ಕೇಳಿಕೊಂಡಿರಲಿಲ್ಲ. ಕಳೆದ ಬೇಸಿಗೆಯಲ್ಲಿ ನಮ್ಮ ತಾಲ್ಲೂಕಿನ ಒಂದು ಪ್ರೌಢಶಾಲೆಯ ಮಕ್ಕಳ ಜೊತೆ ಕೂತು ಸಯನೋಟೈಪ್ ಕಲಿತಾಗ ಉತ್ತರ ಸಿಕ್ಕಿತು. ಜೊತೆಗೆ ಇನ್ನೊಂದು ಪ್ರಶ್ನೆಯೂ ಹುಟ್ಟಿತು.

ಸಯನೋಟೈಪ್ ಎಂದರೆ ಬಿಸಿಲಿನಲ್ಲಿ ಮುದ್ರಿಸುವ ನೀಲಿ ಚಿತ್ರ. ಕ್ಯಾಮೆರಾ ಬೇಡ, ಕರೆಂಟೂ ಬೇಡ. 1842ರಲ್ಲಿ ಇದನ್ನು ಕಂಡುಹಿಡಿದವರು ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಗುರುತಿಸಿದ ವಿಲಿಯಂ ಹರ್ಷೆಲ್ ಅವರ ಮಗ. ಬೇಕಾಗಿರುವುದು ಎರಡೇ ರಾಸಾಯನಿಕ: ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್. ಮೊದಲನೆಯದರ ಹೆಸರು ರಕ್ತಹೀನತೆಗೆ ಕೊಡುವ ಕೆಲವು ಟಾನಿಕ್ ಬಾಟಲಿಗಳ ಮೇಲೂ ಕಾಣುತ್ತದೆ. ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿ, ಸಮ ಪ್ರಮಾಣದಲ್ಲಿ ಬೆರೆಸಿ, ಮಬ್ಬುಗತ್ತಲಲ್ಲಿ ಕಾಗದಕ್ಕೆ ಬಳಿದು ಒಣಗಿಸಬೇಕು. ಒಣಗಿದ ಕಾಗದದ ಮೇಲೆ ಎಲೆಯಿಟ್ಟು, ಗಾಜು ಮುಚ್ಚಿ ಬಿಸಿಲಿಗೆ ಹಿಡಿದರೆ, ಬೆಳಕು ಬಿದ್ದಲ್ಲಿ ಕಬ್ಬಿಣದ ಅಂಶ ಬದಲಾಗಿ ಪ್ರಷ್ಯನ್ ನೀಲಿ ಎಂಬ ಬಣ್ಣ ಹುಟ್ಟುತ್ತದೆ. ನೆರಳಿದ್ದ ಕಡೆಯ ಮದ್ದು ನೀರಿನಲ್ಲಿ ತೊಳೆದುಹೋಗಿ ಬಿಳಿಯಾಗಿ ಉಳಿಯುತ್ತದೆ.

ಹೇಳಲು ಇಷ್ಟು ಸುಲಭ. ನಮ್ಮ ಮೊದಲ ಹತ್ತು ಹಾಳೆಗಳು ಮಾತ್ರ ತೊಳೆಯುತ್ತಿದ್ದಂತೆಯೇ ಪೇಲವವಾದವು. ಬಿಸಿಲು ಸಾಲಲಿಲ್ಲವೇನೋ ಎಂದು ಇನ್ನಷ್ಟು ಹೊತ್ತು ಇಟ್ಟೆವು, ಆಗಲೂ ಅಷ್ಟೇ. ಕೊನೆಗೆ ವಿಜ್ಞಾನದ ಮೇಡಂ ಬೋರ್‌ವೆಲ್ ನೀರಿನ ಕಡೆ ಬೆರಳು ತೋರಿಸಿದರು. ಕ್ಷಾರದ ಅಂಶ ಹೆಚ್ಚಿರುವ ನೀರು ಈ ನೀಲಿಗೆ ಆಗಿಬರುವುದಿಲ್ಲ. ಬಕೆಟ್ಟಿಗೆ ನಿಂಬೆರಸ ಹಿಂಡಿದ ಮೇಲೆ ಬಣ್ಣ ನಿಂತಿತು. ಒಣಗುತ್ತಾ ಹೋದಂತೆ ನೀಲಿ ಇನ್ನೂ ಗಾಢವಾಯಿತು. ನುಗ್ಗೆ, ಹುಣಸೆ, ಬೇವು, ಕೊನೆಗೆ ಕಾಂಗ್ರೆಸ್ ಗಿಡದ ಎಲೆ ಕೂಡ ಚೆಂದ ಕಂಡಿತು.

ಹೀಗೆ ಎಲೆಯಿಟ್ಟು ಅಚ್ಚು ತೆಗೆಯುವ ಕೆಲಸವನ್ನು ಪುಸ್ತಕದ ಮಟ್ಟಕ್ಕೆ ಒಯ್ದವರು ಒಬ್ಬ ಹೆಣ್ಣುಮಗಳು, ಅನ್ನಾ ಅಟ್ಕಿನ್ಸ್. 1799ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ ಹುಟ್ಟಿದರು. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡ ಅವರನ್ನು ಬೆಳೆಸಿದ್ದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ತಂದೆ. ಅಪ್ಪ ಅನುವಾದಿಸಿದ ಚಿಪ್ಪುಗಳ ಪುಸ್ತಕಕ್ಕೆ 200ಕ್ಕೂ ಹೆಚ್ಚು ಚಿತ್ರ ಬರೆದುಕೊಟ್ಟ ಕೈ ಅವರದು. ಆದರೆ ಕೂದಲೆಳೆಯಂಥ ಕಡಲಪಾಚಿಗಳನ್ನು ಕೈಯಿಂದ ತಪ್ಪಿಲ್ಲದೆ ಬಿಡಿಸುವುದು ಕಷ್ಟವೆನಿಸಿತು. ಹರ್ಷೆಲ್ ಅಪ್ಪನ ಸ್ನೇಹಿತರು. ಅವರ ಹೊಸ ವಿಧಾನ ಕೈಗೆ ಬಂದದ್ದೇ ತಡ, ಪಾಚಿಯನ್ನೇ ಕಾಗದದ ಮೇಲಿಟ್ಟರು. 1843ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಪಾಚಿಗಳ ಕುರಿತ ಪುಸ್ತಕದ ಮೊದಲ ಭಾಗ ಹೊರಬಂತು. ಛಾಯಾಚಿತ್ರಗಳಿರುವ ಜಗತ್ತಿನ ಮೊದಲ ಪುಸ್ತಕ ಎಂದು ಇಂದು ಕರೆಯುವುದು ಇದನ್ನೇ.

ಆ ಕೆಲಸ 1853ರವರೆಗೆ ನಡೆಯಿತು. ಸುಮಾರು 400 ಪುಟ. ಒಂದು ಅಚ್ಚು ಮಾಡಿಟ್ಟುಕೊಂಡು ನೂರು ಪ್ರತಿ ತೆಗೆಯುವ ಹಾಗಿರಲಿಲ್ಲ. ಪ್ರತಿ ಪ್ರತಿಯ ಪ್ರತಿ ಪುಟಕ್ಕೂ ಪಾಚಿ ಇಡಬೇಕು, ಬಿಸಿಲಿಗೆ ಒಯ್ಯಬೇಕು, ತೊಳೆಯಬೇಕು. ಸಾವಿರಾರು ಹಾಳೆ. ಇದು ಒಬ್ಬರ ಕೈಯಲ್ಲಾಗುವ ಕೆಲಸವಲ್ಲ ಎಂಬುದು ಒಂದೇ ದಿನ ಮೂವತ್ತು ಹಾಳೆ ತೊಳೆದ ನಮಗೂ ಗೊತ್ತಾಯಿತು. ಒಬ್ಬರು ಬಳಿಯಬೇಕು, ಒಬ್ಬರು ಗಾಜು ಹಿಡಿಯಬೇಕು, ಒಬ್ಬರು ನೀರು ತರಬೇಕು. ಜರೀಗಿಡಗಳ ಮೇಲೆ ಕೆಲಸ ಮಾಡುವಾಗ ಬಾಲ್ಯದ ಗೆಳತಿ ಆ್ಯನ್ ಡಿಕ್ಸನ್ ಜೊತೆಗಿದ್ದರು.

ಅನ್ನಾ ಪ್ರತಿ ಪಾಚಿಯ ಹೆಸರನ್ನೂ ಸ್ವಂತ ಕೈಬರಹದಲ್ಲಿ ಬರೆದು, ಆ ಬರಹವನ್ನೂ ನೀಲಿಯಲ್ಲೇ ಮುದ್ರಿಸಿದರು. ತಮ್ಮ ಹೆಸರಿನ ಜಾಗದಲ್ಲಿ ಮಾತ್ರ 'ಎ.ಎ.' ಎಂಬ ಎರಡಕ್ಷರ. ಮುಂದೆ ಪುಸ್ತಕ ಕೊಂಡ ಸಂಗ್ರಾಹಕರೊಬ್ಬರು ಅದನ್ನು 'ಅನಾಮಧೇಯ ಹವ್ಯಾಸಿ' ಎಂಬುದರ ಮೊದಲಕ್ಷರಗಳೆಂದು ಭಾವಿಸಿದ್ದರಂತೆ. 1844ರಲ್ಲಿ ಬರಲು ಶುರುವಾದ ಟಾಲ್ಬಟ್ ಅವರ ಪುಸ್ತಕಕ್ಕೆ ಬಹುಕಾಲ ಮೊದಲನೆಯದೆಂಬ ಪಟ್ಟ ಸಿಕ್ಕಿತ್ತು. 1871ರಲ್ಲಿ ಹರ್ಷೆಲ್ ಮತ್ತು ಅನ್ನಾ ಇಬ್ಬರೂ ತೀರಿಕೊಂಡರು. ಅದೇ ದಶಕದಲ್ಲಿ ಎಂಜಿನಿಯರುಗಳು ನಕ್ಷೆಯ ಪ್ರತಿ ತೆಗೆಯಲು ಈ ನೀಲಿಯನ್ನು ಹಿಡಿದರು. ನೀಲಿ ಹಾಳೆ, ಅದರ ಮೇಲೆ ಬಿಳಿ ಗೆರೆ. ಆಮೇಲೆ ಬೇರೆ ತಂತ್ರ ಬಂದು ನೀಲಿ ಹಾಳೆ ಹೋಯಿತು, ಹೆಸರು ನಿಂತಿತು. ನಮ್ಮ ಸುದ್ದಿಯ 'ನೀಲನಕ್ಷೆ' ಅದೇ.

ಹೆಸರು ಬಿಟ್ಟುಹೋಗುವ ವಿಷಯ ನಮಗೆ ಹೊಸತಲ್ಲ. 'ನಮ್ಮ ವರದಿಗಾರರಿಂದ' ಎಂಬ ಸಾಲಿನಡಿ ನಾವು ವರ್ಷಗಟ್ಟಲೆ ಬರೆದಿದ್ದೇವೆ. ನಾವೇನು ಕಡಿಮೆ? ಚಿತ್ರದಡಿ 'ಕಾರ್ಯಕ್ರಮದಲ್ಲಿ ಪಾಲ್ಗೊಂಡ ವಿದ್ಯಾರ್ಥಿನಿಯರು' ಎಂದಷ್ಟೇ ಬರೆದು ಎಷ್ಟೋ ಹೆಸರುಗಳನ್ನು ನಾವೇ ಅಳಿಸಿದ್ದೇವೆ. ಆ ದಿನ ಮಾತ್ರ ಹಾಗೆ ಮಾಡಲಿಲ್ಲ. ಪಾರದರ್ಶಕ ಹಾಳೆಯ ತುಂಡಿನ ಮೇಲೆ ಕಪ್ಪು ಮಾರ್ಕರ್‌ನಲ್ಲಿ ಎಲೆಯ ಹೆಸರು, ಕೆಳಗೆ ತಮ್ಮ ಪೂರ್ತಿ ಹೆಸರು ಬರೆದು ಬಿಸಿಲಿಗಿಡಿ ಎಂದು ಮಕ್ಕಳಿಗೆ ಹೇಳಿದೆವು. ನೀಲಿಯ ಮೇಲೆ ಹೆಸರುಗಳು ಬೆಳ್ಳಗೆ ಮೂಡಿದವು.

ಒಬ್ಬ ಹುಡುಗಿಯ ಹಾಳೆಯಲ್ಲಿ ಮೂರು ಹೆಸರಿದ್ದವು. ಮೂರನೆಯದು ಯಾರದ್ದೆಂದು ಕೇಳಿದೆವು. "ನಮ್ಮಜ್ಜೀದು ಸರ್. ಈ ಗಿಡದ ಹೆಸರು ಹೇಳಿದ್ದು ಅವಳೇ," ಎಂದಳು. ಆ ವಾರ ನಾವು ಕಳಿಸಿದ ವರದಿಯಲ್ಲಿ ಮೂವತ್ತೊಂದು ಹೆಸರಿದ್ದವು.