ಮೋವಾಬಿನ ರಾಜಮಾರ್ಗ

ಜೋರ್ಡನ್ ದೇಶದ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತರೆ ಉತ್ತರದಿಂದ ದಕ್ಷಿಣಕ್ಕೆ ಸಾಗುವ ಮೂರು ರಸ್ತೆಗಳು ಕಣ್ಣಿಗೆ ಬೀಳುತ್ತವೆ. ಪಶ್ಚಿಮದಲ್ಲಿ ಜೋರ್ಡನ್ ಕಣಿವೆಯನ್ನೂ ಮೃತ ಸಮುದ್ರದ ದಡವನ್ನೂ ಹಿಡಿದು ಸಾಗುವುದು ಒಂದು. ಪೂರ್ವದಲ್ಲಿ ಮರುಭೂಮಿಯ ಅಂಚಿನಲ್ಲಿ ನೇರವಾಗಿ ಓಡುವ ಹೆದ್ದಾರಿ ಇನ್ನೊಂದು. ಇವೆರಡರ ನಡುವೆ, ಎತ್ತರದ ಪ್ರಸ್ಥಭೂಮಿಯ ಮೇಲೆ ಊರಿಂದೂರಿಗೆ ತಿರುಗುತ್ತಾ, ಆಳವಾದ ಕಣಿವೆಗಳಿಗೆ ಇಳಿದು ಮತ್ತೆ ಏರುತ್ತಾ ಹೋಗುವ ಮೂರನೆಯದೇ ರಾಜಮಾರ್ಗ. ರಾಜಧಾನಿ ಅಮ್ಮಾನ್‌ನಿಂದ ಪೆಟ್ರಾ ನಗರಕ್ಕೆ ಮರುಭೂಮಿಯ ಹೆದ್ದಾರಿಯಲ್ಲಿ ಸುಮಾರು 3 ಗಂಟೆಯ ಪ್ರಯಾಣ. ರಾಜಮಾರ್ಗದಲ್ಲಾದರೋ ಎಲ್ಲಿಯೂ ನಿಲ್ಲದೆ ಹೋದರೂ 5 ಗಂಟೆ ಹಿಡಿಯುತ್ತದೆ. ನಿಂತು ನೋಡುತ್ತಾ ಹೋದರೆ ಇಡೀ ದಿನವೇ ಬೇಕು.

ನಮ್ಮ ಧರ್ಮಕೇಂದ್ರದ ಕೆಲವು ಕುಟುಂಬಗಳು ಈ ನಾಡನ್ನು ಐದು ದಿನಗಳಲ್ಲಿ ನೋಡಿ ಬರಬೇಕೆಂದು ಹೊರಟಿವೆ. ದಿನಚರಿಯ ಪಟ್ಟಿ ತಯಾರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಐದರಲ್ಲಿ ಒಂದು ದಿನವನ್ನು ನಾನು ರಾಜಮಾರ್ಗಕ್ಕೆ ಮೀಸಲಿಟ್ಟದ್ದನ್ನು ಕಂಡು ಹಿರಿಯರೊಬ್ಬರು, "ಸ್ವಾಮಿ, ದುಡ್ಡು ಕೂಡಿಟ್ಟು ಅಷ್ಟು ದೂರ ಹೋಗಿ ಒಂದು ದಿನವನ್ನು ರಸ್ತೆಯಲ್ಲೇ ಕಳೆಯುವುದೇ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಕೆಲವು ವರ್ಷಗಳ ಹಿಂದೆ ಯಾತ್ರಿಕರ ದೊಡ್ಡ ಬಸ್ಸಿನಲ್ಲಿ ನಾನು ಪೆಟ್ರಾಕ್ಕೆ ಹೋದದ್ದು ಮರುಭೂಮಿಯ ಹೆದ್ದಾರಿಯಲ್ಲೇ. ದಾರಿಯುದ್ದಕ್ಕೂ ನಿದ್ರೆ ಮಾಡಿದ್ದೆ. ಎಚ್ಚರವಾದಾಗಲೆಲ್ಲ ಕಂಡದ್ದು ಲಾರಿಗಳು ಮತ್ತು ಪೆಟ್ರೋಲ್ ಬಂಕುಗಳು. ಮೋವಾಬ್ ಎಂಬ ನಾಡನ್ನು ಹಾದು ಬಂದೆನೆಂಬುದು ಹಿಂದಿರುಗಿದ ಮೇಲೆ ನಕ್ಷೆ ನೋಡಿದಾಗಲೇ ತಿಳಿದದ್ದು.

ರಾಜಮಾರ್ಗ ಎಂಬ ಹೆಸರು ಸಂಖ್ಯಾಕಾಂಡದ 20ನೆಯ ಅಧ್ಯಾಯದಲ್ಲಿದೆ. ಹೊಲಗಳಿಗೂ ದ್ರಾಕ್ಷಿತೋಟಗಳಿಗೂ ಕಾಲಿಡುವುದಿಲ್ಲ, ಬಾವಿಗಳ ನೀರನ್ನೂ ಮುಟ್ಟುವುದಿಲ್ಲ, ರಾಜಮಾರ್ಗದಲ್ಲೇ ಹಾದು ಹೋಗಲು ಅಪ್ಪಣೆ ಕೊಡಬೇಕೆಂದು ಮೋಶೆ ಎದೋಮಿನ ಅರಸನನ್ನು ಬೇಡಿಕೊಳ್ಳುತ್ತಾನೆ. ಅರಸ ಒಪ್ಪುವುದಿಲ್ಲ. ಸಂಪ್ರದಾಯವು ಆ ಹೆಸರನ್ನು ಈ ಹಾದಿಗೇ ಕೊಟ್ಟಿದೆ. ಕ್ರಿ.ಶ. 106ರಲ್ಲಿ ರೋಮಿನ ಚಕ್ರವರ್ತಿ ತ್ರಾಜಾನನು ನಬಾತೇಯರ ರಾಜ್ಯವನ್ನು ವಶಪಡಿಸಿಕೊಂಡ ಮೇಲೆ ಸಿರಿಯದ ಬೊಸ್ತ್ರಾದಿಂದ ಕೆಂಪು ಸಮುದ್ರದ ಅಕಾಬದವರೆಗೆ ಕಲ್ಲು ಹಾಸಿ ರಸ್ತೆ ಮಾಡಿಸಿದ. ಅದರ ಮೈಲಿಗಲ್ಲುಗಳು ಈಗಲೂ ಅಲ್ಲಲ್ಲಿ ಉಳಿದಿವೆ.

ನಮ್ಮ ಪಟ್ಟಿಯಲ್ಲಿ ಮೊದಲು ಬರುವುದು ಮಾದಬಾ, ಅಮ್ಮಾನ್‌ನಿಂದ ಸುಮಾರು 30 ಕಿಲೋಮೀಟರ್. ಶತಮಾನಗಳ ಕಾಲ ಪಾಳು ಬಿದ್ದಿದ್ದ ಈ ಪಟ್ಟಣಕ್ಕೆ 1880ರ ಸುಮಾರಿಗೆ ದಕ್ಷಿಣದ ಕೆರಕ್‌ನಿಂದ ಕ್ರೈಸ್ತ ಕುಟುಂಬಗಳು ವಲಸೆ ಬಂದು ನೆಲೆಸಿದವು. ಅವರು ಮನೆ ಕಟ್ಟಲು, ಗುಡಿ ಕಟ್ಟಲು ನೆಲ ಶುಚಿಗೊಳಿಸಿದಾಗ ಬಣ್ಣದ ಕಲ್ಲಿನ ಚೂರುಗಳ ಮೊಸಾಯಿಕ್ ಹಾಸುಗಳು ಕಾಣಿಸಿಕೊಂಡವು. ಅವುಗಳಲ್ಲಿ ಹೆಸರಾದದ್ದು ಸಂತ ಜಾರ್ಜರ ಗ್ರೀಕ್ ಆರ್ಥೊಡಾಕ್ಸ್ ದೇವಾಲಯದ ನೆಲದಲ್ಲಿರುವ 6ನೆಯ ಶತಮಾನದ ನಕ್ಷೆ. ಪವಿತ್ರ ನಾಡಿನ ನಕ್ಷೆಗಳಲ್ಲಿ ನಮಗೆ ಉಳಿದಿರುವ ಅತ್ಯಂತ ಹಳೆಯದು ಇದೇ. ಅರ್ಧಕ್ಕಿಂತ ಹೆಚ್ಚು ಭಾಗ ಹಾಳಾಗಿದೆ. ಆದರೂ ಗೋಡೆಗಳು, ಬಾಗಿಲುಗಳು, ಕಂಬಸಾಲಿನ ಬೀದಿಯೊಡನೆ ಜೆರುಸಲೇಮ್ ಉಳಿದಿದೆ. ಜೋರ್ಡನ್ ನದಿಯಲ್ಲಿ ಮೃತ ಸಮುದ್ರದ ಉಪ್ಪುನೀರಿಗೆ ಹೆದರಿ ಹಿಂದಿರುಗುವ ಮೀನೊಂದಿದೆ. ಮಕ್ಕಳು ಅದನ್ನು ಹುಡುಕಲಿ. ಅಲ್ಲಿಂದ ನೆಬೋ ಬೆಟ್ಟ ಹತ್ತು ಕಿಲೋಮೀಟರ್. ಮೋಶೆ ವಾಗ್ದತ್ತ ನಾಡನ್ನು ದೂರದಿಂದ ಕಂಡು, ಒಳಗೆ ಕಾಲಿಡದೆ ಮಡಿದ ಸ್ಥಳವೆಂದು ಅಲ್ಲಿ ಪುರಾತನ ದೇವಾಲಯವಿದೆ. ಫ್ರಾನ್ಸಿಸ್ಕನ್ ಗುರುಗಳು 1933ರಲ್ಲಿ ಉತ್ಖನನ ಆರಂಭಿಸಿದರು. 2000ನೆಯ ಇಸವಿಯ ಮಾರ್ಚ್‌ನಲ್ಲಿ ಎರಡನೆಯ ಜಾನ್ ಪಾಲರು ಇಲ್ಲಿಗೆ ಬಂದಿದ್ದರು. ಈ ಎರಡು ಸ್ಥಳಗಳ ಬಗ್ಗೆ ಯಾರದೂ ತಕರಾರಿಲ್ಲ.

ತಕರಾರು ಎದ್ದದ್ದು ಮುಂದಿನ ನಿಲುಗಡೆಗೆ. ಮಾದಬಾದಿಂದ ದಕ್ಷಿಣಕ್ಕೆ ಹೋದರೆ ದೀಬಾನ್ ಎಂಬ ಊರಿದೆ, ಬೈಬಲಿನ ದೀಬೋನ್. ಅಲ್ಲಿ ಒಂದು ದಿಬ್ಬ, ಅಗೆದು ಬಿಟ್ಟ ಗೋಡೆಗಳು, ಅಷ್ಟೇ. ಆದರೆ 1868ರಲ್ಲಿ ಎಫ್. ಎ. ಕ್ಲೈನ್ ಎಂಬ ಆಂಗ್ಲಿಕನ್ ಮಿಷನರಿಗೆ ಬೆದೂಯಿನ್ ಜನರು ಇಲ್ಲೊಂದು ಕಪ್ಪು ಕಲ್ಲನ್ನು ತೋರಿಸಿದರು. ಮೀಟರಿಗಿಂತ ಎತ್ತರದ ಆ ಕಲ್ಲಿನ ಮೇಲೆ 34 ಸಾಲುಗಳ ಶಾಸನವಿತ್ತು. ಸುದ್ದಿ ಹಬ್ಬಿದೊಡನೆ ಯೂರೋಪಿನ ದೇಶಗಳು ಕಲ್ಲಿಗಾಗಿ ಪೈಪೋಟಿಗಿಳಿದವು, ತುರ್ಕಿ ಅಧಿಕಾರಿಗಳು ಒತ್ತಡ ಹೇರಿದರು. ಸಿಟ್ಟಿಗೆದ್ದ ಬೆದೂಯಿನರು 1869ರಲ್ಲಿ ಕಲ್ಲನ್ನು ಬೆಂಕಿಯಲ್ಲಿ ಕಾಯಿಸಿ, ಮೇಲೆ ತಣ್ಣೀರು ಸುರಿದು ಚೂರುಚೂರು ಮಾಡಿದರು. ಅದಕ್ಕೆ ಮುಂಚೆಯೇ ಕ್ಲೆರ್ಮೋ-ಗಾನೋ ಎಂಬ ಫ್ರೆಂಚ್ ವಿದ್ವಾಂಸರು ಕಳುಹಿಸಿದ್ದ ವ್ಯಕ್ತಿ ಒದ್ದೆ ಕಾಗದ ಒತ್ತಿ ಪಡಿಯಚ್ಚು ತೆಗೆದಿದ್ದ. ನಮ್ಮ ನಾಡಿನ ಶಾಸನಗಳನ್ನು ಓದುವವರೂ ಈ ಕ್ರಮವನ್ನೇ ಅನುಸರಿಸುತ್ತಾರೆ. ನಡುವೆ ಜಗಳ ಹತ್ತಿ, ಇನ್ನೂ ಒಣಗದ ಕಾಗದವನ್ನು ಕಿತ್ತುಕೊಂಡು ಕುದುರೆ ಏರಿ ಓಡಬೇಕಾಯಿತು. ಆ ಹರಿದ ಕಾಗದ ಮತ್ತು ಒಂದೊಂದಾಗಿ ಕೂಡಿಸಿದ ಕಲ್ಲಿನ ಚೂರುಗಳಿಂದ ಶಾಸನ ಮತ್ತೆ ರೂಪು ಪಡೆಯಿತು. ಇಂದು ಅದು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ.

ಶಾಸನ ಬರೆಸಿದವನು ಮೋವಾಬಿನ ಅರಸ ಮೇಷ, ಕ್ರಿ.ಪೂ. 9ನೆಯ ಶತಮಾನದವನು. ಅರಸುಗಳ ಎರಡನೆಯ ಗ್ರಂಥದ 3ನೆಯ ಅಧ್ಯಾಯದಲ್ಲಿ ಬರುವ ಮೇಷನು ಇವನೇ. ಲಕ್ಷ ಕುರಿಮರಿಗಳನ್ನೂ ಲಕ್ಷ ಟಗರುಗಳ ಉಣ್ಣೆಯನ್ನೂ ಇಸ್ರಯೇಲಿನ ಅರಸನಿಗೆ ಕಪ್ಪವಾಗಿ ಕೊಡುತ್ತಿದ್ದು, ಬಳಿಕ ತಿರುಗಿಬಿದ್ದವನು. ನಾವು ಧರ್ಮಗ್ರಂಥದಲ್ಲಿ ಅವನನ್ನು ಕಾಣುವುದು ಹೊರಗಿನಿಂದ. ಕಲ್ಲಿನಲ್ಲಿ ಅವನೇ ಮಾತನಾಡುತ್ತಾನೆ. ತನ್ನ ದೇವರಾದ ಕೆಮೋಷನು ನಾಡಿನ ಮೇಲೆ ಮುನಿದಿದ್ದರಿಂದಲೇ ಒಮ್ರಿ ಅರಸನು ಮೋವಾಬನ್ನು ಬಹುಕಾಲ ತುಳಿದನೆನ್ನುತ್ತಾನೆ. ಇಸ್ರಯೇಲಿನ ಪ್ರವಾದಿಗಳೂ ತಮ್ಮ ಸೋಲುಗಳನ್ನು ಅರ್ಥಮಾಡಿಕೊಂಡದ್ದು ಇದೇ ರೀತಿಯಲ್ಲಲ್ಲವೇ? ನಾವು ಬೆಳಿಗ್ಗೆ ಮೋಶೆಯನ್ನು ನೆನೆಯುವ ಬೆಟ್ಟದ ಹತ್ತಿರದ ನೆಬೋ ಪಟ್ಟಣವನ್ನು ತಾನು ಗೆದ್ದು, ಏಳು ಸಾವಿರ ಮಂದಿಯನ್ನು ಕೊಂದೆನೆಂದೂ, ಸರ್ವೇಶ್ವರನ ಆರಾಧನೆಯ ಪಾತ್ರೆಗಳನ್ನು ಎಳೆದು ತಂದೆನೆಂದೂ ಕೊಚ್ಚಿಕೊಳ್ಳುತ್ತಾನೆ. ಬೈಬಲಿನ ಹೊರಗೆ ಆ ದಿವ್ಯನಾಮವು ಕಾಣಸಿಗುವ ಅತ್ಯಂತ ಹಳೆಯ ಬರಹಗಳಲ್ಲಿ ಇದೂ ಒಂದು, ಅದೂ ಶತ್ರುವಿನ ಬಾಯಲ್ಲಿ. ಇಸ್ರಯೇಲು ಶಾಶ್ವತವಾಗಿ ಅಳಿದುಹೋಯಿತೆಂದೂ ಬರೆಸಿದ್ದಾನೆ. ಆದರೆ ಜನಾಂಗವಾಗಿ ಕಣ್ಮರೆಯಾದದ್ದು ಮೋವಾಬ್. ಅವರ ಭಾಷೆಯಲ್ಲಿ ಉಳಿದಿರುವ ಅತಿ ದೀರ್ಘ ಬರಹವೇ ಈ ಒಡೆದ ಕಲ್ಲು.

ಸೆಮಿನರಿಯಲ್ಲಿ ಒಂದಿಷ್ಟು ಹೀಬ್ರೂ ಕಲಿತ ನನ್ನಂಥವನಿಗೆ ಆ ಶಾಸನದ ಹಲವು ಪದಗಳು ಪರಿಚಿತವೆನಿಸುತ್ತವೆ. ಎರಡು ಭಾಷೆಗಳೂ ಅಷ್ಟು ಹತ್ತಿರ. ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿದ್ದ ನೆರೆಹೊರೆಯವರು ಹೀಗೆ ಕಡಿದಾಡಿದರು. ಬರಗಾಲದಲ್ಲಿ ಬೆತ್ಲೆಹೇಮಿನ ಕುಟುಂಬವೊಂದು ಆಶ್ರಯ ಪಡೆದದ್ದು ಇದೇ ಮೋವಾಬಿನಲ್ಲಿ. ದಾವೀದನ ಮುತ್ತಜ್ಜಿಯಾದ ರೂತಳು ಇಲ್ಲಿನ ಹೆಣ್ಣುಮಗಳು. ಮೂವತ್ತು ವರ್ಷ ಪ್ರಬೋಧನೆ ಮಾಡಿದ ನಾನು ಮೋವಾಬ್ಯರನ್ನು ಶತ್ರುಗಳೆಂದೇ ಹೇಳುತ್ತಾ ಬಂದೆ. ಅವರ ಮನೆಗಳನ್ನು ಕುರಿತು ಯೋಚಿಸಿರಲಿಲ್ಲ. ಮೇಷನ ಶಾಸನದಲ್ಲಿ ಮನೆಗಳೂ ಇವೆ. ಪಟ್ಟಣದಲ್ಲಿ ನೀರಿನ ತೊಟ್ಟಿ ಇರಲಿಲ್ಲವಾದ್ದರಿಂದ ಪ್ರತಿಯೊಬ್ಬನೂ ತನ್ನ ಮನೆಯಲ್ಲೇ ಒಂದು ತೊಟ್ಟಿ ತೋಡಿಕೊಳ್ಳುವಂತೆ ಅವನು ಆಜ್ಞಾಪಿಸಿದನಂತೆ. ಅರ್ನೋನಿನ ಬಳಿ ಹೆದ್ದಾರಿ ಮಾಡಿಸಿದ್ದನ್ನೂ ಹೇಳಿಕೊಂಡಿದ್ದಾನೆ.

ಅರ್ನೋನ್ ಎಂದರೆ ದೀಬಾನ್ ದಾಟಿದೊಡನೆ ಬಾಯ್ದೆರೆದು ನಿಲ್ಲುವ ಇಂದಿನ ವಾದಿ ಮುಜಿಬ್ ಕಣಿವೆ. ರಾಜಮಾರ್ಗ ತಿರುವು ತಿರುವಾಗಿ ನೂರಾರು ಮೀಟರ್ ಕೆಳಗಿಳಿದು ಆಚೆ ದಡವನ್ನು ಹತ್ತುತ್ತದೆ. ತಲೆಸುತ್ತುವವರು ಗುಳಿಗೆ ಇಟ್ಟುಕೊಳ್ಳಬೇಕು. ದೊಡ್ಡ ಬಸ್ಸು ಬೇಡ, ಎರಡು ಸಣ್ಣ ವ್ಯಾನುಗಳು ಸಾಕು. ವಾಹನಗಳು ಬಲಗಡೆ ಓಡುವ ದೇಶವಾದ್ದರಿಂದ ಅಲ್ಲಿನ ಚಾಲಕರೇ ಇರಲಿ. ಕಣಿವೆಯ ಆಚೆಗೆ ಕೆರಕ್. ಮೇಷನು ಮುತ್ತಿಗೆಗೆ ಸಿಕ್ಕಿ, ಕೋಟೆಗೋಡೆಯ ಮೇಲೆ ಸ್ವಂತ ಮಗನನ್ನೇ ಬಲಿಕೊಟ್ಟ ಕೀರ್ ಹರೆಷೆತ್ ಇದೇ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಅಲ್ಲಿ ಇಂದು ನಿಂತಿರುವುದು 1142ರಲ್ಲಿ ಕ್ರುಸೇಡಿನ ಯೋಧರು ಕಟ್ಟಲಾರಂಭಿಸಿದ ಕೋಟೆ. ಅದರ ಒಡೆಯನಾಗಿದ್ದ ಶಾಟಿಯೋನಿನ ರೆನಾಲ್ಡ್ ಇದೇ ಹಾದಿಯ ವರ್ತಕರ ತಂಡಗಳನ್ನು ದೋಚಿದ. 1187ರಲ್ಲಿ ಸಲಾದೀನನ ಕೈಗೆ ಸಿಕ್ಕಿ ಸತ್ತ. ಮರುವರ್ಷ ಕೋಟೆಯೂ ಬಿತ್ತು. ಶಿಲುಬೆಯ ಗುರುತು ಧರಿಸಿದವರ ಈ ಕಥೆಯನ್ನೂ ನಾನು ಅಲ್ಲಿ ಮುಚ್ಚಿಡದೆ ಹೇಳಬೇಕಾಗುತ್ತದೆ.

ದೀಬಾನ್‌ಗೆ ಪಟ್ಟಿಯಲ್ಲಿ ಒಂದು ಗಂಟೆ ಬರೆದಿದ್ದೇನೆ. ಕಲ್ಲು ಅಲ್ಲಿಲ್ಲ ಎಂಬುದು ಗೊತ್ತು. ದಿಬ್ಬದ ಮೇಲೆ ಒಬ್ಬರು ಅರಸುಗಳ ಗ್ರಂಥದ ಅಧ್ಯಾಯವನ್ನು ಓದುತ್ತಾರೆ, ಇನ್ನೊಬ್ಬರು ಮೇಷನ ಶಾಸನವನ್ನು. ಅದನ್ನು ಕನ್ನಡಕ್ಕೆ ತರುವ ಕೆಲಸ ನಡೆದಿದೆ. ಪ್ರಶ್ನೆ ಕೇಳಿದ ಹಿರಿಯರಿಗೇ ಮೇಷನ ಪಾಲನ್ನು ಓದಲು ಕೇಳಿಕೊಂಡಿದ್ದೇನೆ. ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ: ಊಟ ಮಾತ್ರ ಕಣಿವೆ ದಾಟಿದ ಮೇಲೆಯೇ ಆಗಬೇಕು.