ಕಲ್ಯಾಣದ ಪಾಕಶಾಲೆಯಿಂದ ಹತ್ತನೆಯ ಕುರಿಯವರೆಗೆ

ಬಸವಕಲ್ಯಾಣದಿಂದ ಮೋರಖಂಡಿಯ ಹಾದಿ ಹಿಡಿದವರಿಗೆ ಚಾಲುಕ್ಯರ ನೆನಪಾಗದೆ ಇರದು. ಈ ಸೀಮೆಯ ರಾಜಧಾನಿಯಲ್ಲಿಯೇ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ‘ಮಾನಸೋಲ್ಲಾಸ’ವನ್ನು ರಚಿಸಿದನು. ಅದರ ಅನ್ನಭೋಗದ ಭಾಗವನ್ನು ಓದಿದರೆ ಸಸ್ಯಾಹಾರಿಗಳೂ ಸೋಜಿಗಪಡಬೇಕು. ಹಂದಿಯ ಮೈಗೆ ಬಟ್ಟೆ ಹೊದಿಸಿ ಕುದಿನೀರು ಸುರಿದು ಕೂದಲು ಕೀಳುವ ಬಗೆಯಿಂದ ಹಿಡಿದು, ಮಾಂಸವನ್ನು ಕೆಂಡದ ಮೇಲೆ ಸುಡುವವರೆಗೆ ಎಲ್ಲವೂ ಅಲ್ಲಿದೆ. ಅದೇ ಗ್ರಂಥದಲ್ಲಿ ಆನೆ ಕುದುರೆಗಳ ರೋಗಗಳಿಗೆ ಚಿಕಿತ್ಸೆಯೂ ಉಂಟು. ದಂಡಿಗೆ ಬೇಕಾದ ಪ್ರಾಣಿಗೆ ಮದ್ದು, ಎಲೆಗೆ ಬೇಕಾದ ಪ್ರಾಣಿಗೆ ಮಸಾಲೆ! ಅರಸನನ್ನು ಹಳಿದು ಫಲವಿಲ್ಲ. ನಮ್ಮ ಮನೆಗಳಲ್ಲೂ ಲೆಕ್ಕ ಇಷ್ಟೇ.

ಇದಾದ ಕೆಲವು ದಶಕಗಳಲ್ಲಿ ಅದೇ ಊರಿನಲ್ಲಿ ಬಸವಣ್ಣನವರು ಬಲಿಗೆ ತಂದ ಕುರಿಯ ಕಡೆಗೆ ಕಣ್ಣು ತಿರುಗಿಸಿದರು. ಆ ವಚನ ವಾಚಕರಿಗೆ ಬಾಯಿಪಾಠವೇ ಇರುವುದರಿಂದ ಇಲ್ಲಿ ಬರೆಯುವುದಿಲ್ಲ.

ಆದರೆ ವಧೆಯನ್ನು ರಾಜ್ಯದ ಅಂಕೆಗೆ ತರುವ ಯೋಚನೆ ಇವರಿಬ್ಬರಿಗಿಂತಲೂ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸೂನಾಧ್ಯಕ್ಷನೆಂಬ ಅಧಿಕಾರಿಯೊಬ್ಬನಿದ್ದಾನೆ. ಸೂನೆಯೆಂದರೆ ಕಸಾಯಿಖಾನೆ. ಹೊಸದಾಗಿ ಕೊಂದ ಪ್ರಾಣಿಯ ಮಾಂಸವನ್ನೇ ಮಾರಬೇಕು. ತೂಕದಲ್ಲಿ ಮೋಸವಾದರೆ ಎಂಟುಪಟ್ಟು ದಂಡ. ಸೂನೆಯ ಹೊರಗೆ ಕಡಿದದ್ದು, ನಾರುವುದು, ತಾನಾಗಿ ಸತ್ತದ್ದು ಮಾರಾಟಕ್ಕೆ ಸಲ್ಲದು. ಮಾರಿದರೆ 12 ಪಣ. ಕರು, ಹೋರಿ, ಹಾಲು ಕೊಡುವ ಹಸುಗಳನ್ನು ಕೊಂದರೆ 50 ಪಣ. ಅಷ್ಟೇ 50 ಪಣವನ್ನು ‘ಕ್ಲಿಷ್ಟಘಾತ’ಕ್ಕೂ, ಎಂದರೆ ಹಿಂಸಿಸಿ ಕೊಲ್ಲುವುದಕ್ಕೂ ವಿಧಿಸಿದ್ದಾನೆ. ನನಗೆ ಮುಖ್ಯವಾಗಿ ಕಾಣುವುದು ಈ ಮಾತು. ಯಾವುದನ್ನು ಕೊಲ್ಲಬಾರದು ಎಂಬುದರ ಪಕ್ಕದಲ್ಲಿಯೇ, ಕೊಲ್ಲುವುದಾದರೆ ಹೇಗೆ ಎಂಬ ಪ್ರಶ್ನೆಯನ್ನೂ ಆತ ಇಟ್ಟನು. ಎರಡಕ್ಕೂ ಒಂದೇ ಬೆಲೆ ಕಟ್ಟಿದನು. ಅಶೋಕನು ತನ್ನ ಐದನೆಯ ಸ್ತಂಭಶಾಸನದಲ್ಲಿ ಗಬ್ಬದ ಮತ್ತು ಮೊಲೆಯೂಡುವ ಆಡು, ಕುರಿ, ಹಂದಿಗಳನ್ನೂ ಆರು ತಿಂಗಳೊಳಗಿನ ಮರಿಗಳನ್ನೂ ಕೊಲ್ಲಬಾರದೆಂದನು.

ಮುಂದೆ ‘ಹೇಗೆ’ ಎಂಬುದು ಹಿಂದೆ ಬಿದ್ದು ‘ಯಾವುದು’ ಎಂಬುದೇ ಜಗಳದ ವಸ್ತುವಾಯಿತು. ನಿಜಾಮರ ಆಳ್ವಿಕೆಯಲ್ಲಿ ಕಲ್ಯಾಣಿಯು ನವಾಬರ ಜಹಗೀರಾಗಿತ್ತು. ಅವರ ಹವೇಲಿಯ ಮೂಲಕ ಹೈದರಾಬಾದಿಗೆ ಹೋಯಿತೆನ್ನುವ ಕಲ್ಯಾಣಿ ಬಿರಿಯಾನಿ ಇಂದಿಗೂ ಅಲ್ಲಿ ಬಡವರ ಬಿರಿಯಾನಿ. ಅದಕ್ಕೆ ಬಳಸುವುದು ಎಮ್ಮೆ ಕೋಣಗಳ ಮಾಂಸ. ಹೈದರಾಬಾದ್ ಸಂಸ್ಥಾನದಲ್ಲಿ 1950ರಲ್ಲಿ ಪ್ರಾಣಿವಧೆಯ ಕಾಯಿದೆ ಬಂದಿತು. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 1964ರ ಮೈಸೂರು ಕಾಯಿದೆ ಹಸುವಿನ ವಧೆಯನ್ನು ನಿಷೇಧಿಸಿ, ಹನ್ನೆರಡು ವರ್ಷ ಮೀರಿದ ಎತ್ತು ಕೋಣಗಳಿಗೆ ಪ್ರಮಾಣಪತ್ರದ ಮೇಲೆ ಅವಕಾಶ ಕೊಟ್ಟಿತು. 2020ರ ಕಾಯಿದೆ ಎತ್ತನ್ನೂ ನಿಷೇಧಕ್ಕೆ ಸೇರಿಸಿ, ಹದಿಮೂರು ವರ್ಷ ಮೀರಿದ ಎಮ್ಮೆ ಕೋಣಗಳನ್ನು ಮಾತ್ರ ಬಿಟ್ಟಿತು. ಮುದಿ ಎತ್ತನ್ನು ಏನು ಮಾಡುವುದೆಂಬುದು ರೈತನ ತಲೆನೋವು. ಅದು ಬೇರೆ ಕಥೆ.

‘ಹೇಗೆ’ ಎಂಬುದನ್ನು ಮತ್ತೆ ಎತ್ತಿದವರು ರುಕ್ಮಿಣೀದೇವಿ ಅರುಂಡೇಲ್. ನಾಟ್ಯಕ್ಕೆ ಹೆಸರಾದ ಆಕೆ ರಾಜ್ಯಸಭೆಯ ಸದಸ್ಯೆಯಾಗಿ ಮಂಡಿಸಿದ ಖಾಸಗಿ ಮಸೂದೆಯ ಬೆನ್ನಿಗೆ ಸರಕಾರ ತಾನೇ ಹೊಣೆ ಹೊತ್ತು, 1960ರಲ್ಲಿ ಪ್ರಾಣಿಹಿಂಸೆ ತಡೆಯ ಶಾಸನ ಬಂತು. ಆಹಾರಕ್ಕಾಗಿ ಕೊಲ್ಲುವುದಕ್ಕೆ ಅದು ವಿನಾಯಿತಿ ಕೊಟ್ಟಿತು. ಆದರೆ ಅನಗತ್ಯ ನೋವು ಕೊಡಬಾರದೆಂದಿತು. ಮತದ ವಿಧಿಯಂತೆ ಕೊಲ್ಲುವುದನ್ನು ಅದು ಅಪರಾಧವೆನ್ನಲಿಲ್ಲ.

ಅದರಡಿ ಬಂದ 2001ರ ಕಸಾಯಿಖಾನೆ ನಿಯಮಗಳು ಕೌಟಿಲ್ಯನನ್ನೂ ಅಶೋಕನನ್ನೂ ಜೋಡಿಸಿ ಬರೆದಂತಿವೆ. ಪಟ್ಟಣದಲ್ಲಿ ಮಾನ್ಯತೆಯ ಕಸಾಯಿಖಾನೆಯಲ್ಲಿಯೇ ವಧೆಯಾಗಬೇಕು. ಗಬ್ಬದ ಪ್ರಾಣಿ, ಮೂರು ತಿಂಗಳೊಳಗಿನ ಮರಿ, ಅಂಥ ಮರಿಯುಳ್ಳ ತಾಯಿ ಕೂಡದು. (ಅಶೋಕ ಮರಿಗೆ ಆರು ತಿಂಗಳು ಕೊಟ್ಟಿದ್ದ, ನಾವು ಅರ್ಧಕ್ಕೆ ಇಳಿದಿದ್ದೇವೆ.) ಪಶುವೈದ್ಯನು ಗಂಟೆಗೆ 12ಕ್ಕಿಂತ, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸಕೂಡದು. ಇನ್ನೊಂದು ಪ್ರಾಣಿಯ ಕಣ್ಣೆದುರು ಕಡಿಯಬಾರದು.

ಈ ನಿಯಮಗಳಲ್ಲಿ ಕಸಾಯಿಖಾನೆ ಎಂದರೇನು? ದಿನಕ್ಕೆ ಹತ್ತು ಅಥವಾ ಹೆಚ್ಚು ಪ್ರಾಣಿಗಳನ್ನು ಕಡಿಯುವ ಸ್ಥಳ. ಸಂತೆಯ ದಿನ ಎರಡೋ ಮೂರೋ ಕುರಿ ಕಡಿಯುವ ಹಳ್ಳಿಯ ಕಟುಕನ ಜಾಗ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಪಕ್ಕದಲ್ಲಿ ಕಟ್ಟಿದ ಕುರಿ ನೋಡುತ್ತ ನಿಂತಿರುತ್ತದೆ. ಅದನ್ನು ಮರೆ ಮಾಡೆನ್ನುವ ನಿಯಮ ಅಲ್ಲಿಗೆ ಮುಟ್ಟಿಲ್ಲ. ಅನಗತ್ಯ ನೋವು ಕೊಡಬಾರದೆಂಬ 1960ರ ಮಾತು ಹಳ್ಳಿಗೂ ಸಲ್ಲುತ್ತದೆ, ನಿಜ. ಆದರೆ ಕತ್ತಿ ಮಸೆಯುವ ಹೊತ್ತಿಗೆ ಅಲ್ಲಿ ಪಶುವೈದ್ಯನಿರಬೇಕೆಂದು ಈ ನಿಯಮಗಳು ಕೇಳುವುದಿಲ್ಲ.